ಅಪ್ಪನ ಹದಿಮೂರನೇ ದಿನದ ಅಡುಗೆ

ಅಪ್ಪನ ವೈಕುಂಠ ಸಮಾರಾಧನೆಗೆ ಮೈಸೂರಿನ ಒಬ್ಬ ಅಡುಗೆ ಭಟ್ಟರನ್ನು ಗೊತ್ತು ಮಾಡಿದ್ದೆವು. 120 ಎಲೆ. ಫೋನಿನಲ್ಲಿ ಅವರು ಮೊದಲು ಕೇಳಿದ್ದು, "ಯಜಮಾನರಿಗೆ ಏನು ಇಷ್ಟ ಇತ್ತು?" ಗಸಗಸೆ ಪಾಯಸ ಅಂದೆ. ಬೆಳಿಗ್ಗೆ ಬಂದವರೇ ಗಸಗಸೆ, ಅಕ್ಕಿ ಹುರಿದು, ಕಾಯಿ ಜೊತೆ ನುಣ್ಣಗೆ ರುಬ್ಬಿಸಿದರು. ಬೆಲ್ಲ ಸ್ವಲ್ಪ ಜಾಸ್ತಿ. "ಅವರಿಗೂ ಹಾಗೇ ಬೇಕಿತ್ತು ಅಲ್ವಾ" ಅಂತ ಅಮ್ಮ ಎರಡು ಸಲ ಹಾಕಿಸಿಕೊಂಡರು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೂ ಹುಳಿ ಘಮಘಮ.

ಎಡವಟ್ಟಾಗಿದ್ದು ಬಡಿಸೋದರಲ್ಲಿ. ಎರಡನೇ ಪಂಕ್ತಿಗೆ ವಡೆ ಖಾಲಿ! ಸೋದರತ್ತೆ ಇನ್ನೂ ಅದನ್ನೇ ಹೇಳುತ್ತಿದ್ದಾರೆ.

ಬಾಗಿಲ ಹತ್ತಿರ ಅಪ್ಪನ ಫೋಟೋ, ಗಾಜು ಸೀಳಿದ ಎಚ್‌ಎಂಟಿ ವಾಚು ಇಟ್ಟಿದ್ದೆವು. ನಾವು ಹೇಳದಿದ್ದರೂ ಭಟ್ಟರು ಅದರ ಮುಂದೆ ಒಂದು ಎಲೆ ಹಾಕಿ ಬಡಿಸಿದರು. ವರ್ಷದ ತಿಥಿಗೂ ಅವರಿಗೇ ಹೇಳಿದ್ದೇವೆ. ವಡೆ ಲೆಕ್ಕ ಮಾತ್ರ ನಾನೇ ನೋಡಿಕೊಳ್ಳುತ್ತೇನೆ.