64 ಜಿಬಿ ಅಂತ 4 ಜಿಬಿ ಪೆನ್‌ಡ್ರೈವ್ ಕೊಟ್ಟರು: ಬಯಾಸ್ ಕೆದಕುವ ಮೊದಲು ಓದಿ

ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ಲ (ಶುರುವಾಗ್ತಿಲ್ಲ) ಅಂದ ಕೂಡಲೇ ಬಯಾಸ್‌ಗೆ, ಅಂದ್ರೆ ಲ್ಯಾಪ್‌ಟಾಪ್ ಶುರುವಾಗುವ ರೀತಿಯ ಒಳಗಿನ ಸೆಟ್ಟಿಂಗ್ಸ್‌ಗೆ, ಕೈ ಹಾಕಬೇಡಿ. ಮೊದಲು ಪೆನ್‌ಡ್ರೈವನ್ನೇ ಅನುಮಾನಿಸಿ. ಬೆಂಗಳೂರಿನ ಎಸ್.ಪಿ. ರೋಡಿನ ಅಡ್ಡಗಲ್ಲಿಯ ಒಂದು ಕೌಂಟರಿನಲ್ಲಿ 230 ರೂಪಾಯಿಗೆ ತಂದ 64 ಜಿಬಿ ಡ್ರೈವಿನಿಂದ ಎರಡು ದಿನ ಹಾಳಾಯ್ತು. ಊರವರ ಸಿಸ್ಟಮ್ಮೆಲ್ಲ ಸರಿ ಮಾಡಿಕೊಡೋನಿಗೇ ಟೋಪಿ. ನಾಚಿಕೆ ಬಿಟ್ಟು ಬರೀತಿದ್ದೀನಿ.

ವಿಂಡೋಸ್ 11 ಹಾಕೋಕೆ ರುಫಸ್ (ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡೋ ಸಾಫ್ಟ್‌ವೇರ್) ತೆರೆದು ಅದರ ಐಎಸ್‌ಒ (ಇನ್‌ಸ್ಟಾಲ್ ಫೈಲುಗಳ ಒಂದೇ ಕಟ್ಟು) ಕೊಟ್ಟೆ; ಪಾರ್ಟಿಷನ್ ಬಗೆ ಜಿಪಿಟಿ, ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್. ಹಸಿರು ಪಟ್ಟಿ ತುಂಬಿ ರೆಡಿ ಅಂತ ಬಂತು. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಒತ್ತಿದರೆ ಬೂಟ್ ಮೆನುವಿನಲ್ಲಿ ಡ್ರೈವ್ ಹೆಸರೂ ಇದೆ. ಎಂಟರ್ ಒತ್ತಿದರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಮೆನು. ಪೋರ್ಟ್ ಬದಲಾಯಿಸಿ, ಫಾಸ್ಟ್ ಬೂಟ್ ಆಫ್ ಮಾಡಿ, ಐಎಸ್‌ಒದ ಎಸ್‌ಎಚ್‌ಎ-256 (ಫೈಲ್ ಕೆಟ್ಟಿಲ್ಲ ಅಂತ ಖಾತ್ರಿ ಮಾಡೋ ಗುರುತು) ತಾಳೆ ನೋಡಿದೆ. ಎಲ್ಲಾ ಸರಿ, ಬೂಟ್ ಮಾತ್ರ ಇಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದ್ದಕ್ಕೆ, ಒಳಗಿದ್ದ ವಿಂಡೋಸ್ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕೋ ವ್ಯವಸ್ಥೆ) 48 ಅಂಕಿಯ ಕೀ ಕೇಳುತ್ತಾ ಕೂತಿತು. ಅದು ಬೇರೆ ಗೋಳು.

ದಾರಿ ತಪ್ಪಿಸಿದ್ದು ಮಾತ್ರ ಲಿನಕ್ಸ್ ಮಿಂಟ್, ವಿಂಡೋಸ್ ಬದಲಿಗೆ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅದೇ ಡ್ರೈವಿಗೆ ಮಿಂಟ್ ಹಾಕಿದರೆ ಮೊದಲ ಸಲಕ್ಕೇ ಬೂಟ್ ಆಯ್ತು! ಹಾಗಾದ್ರೆ ಡ್ರೈವ್ ಸರಿಯಿದೆ, ತಪ್ಪು ವಿಂಡೋಸ್‌ದೇ ಅನ್ನಿಸುತ್ತೆ ತಾನೇ? ಅಲ್ಲೇ ಬೇಸ್ತು ಬಿದ್ದಿದ್ದು. ಮಿಂಟ್ ಐಎಸ್‌ಒ 3 ಜಿಬಿ ಆಸುಪಾಸು. ವಿಂಡೋಸ್ 11ದು 5 ಜಿಬಿ ಮೇಲೆ.

ಕೊನೆಗೆ ಎಚ್‌2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಇಡೀ ಡ್ರೈವ್ ತುಂಬಾ ಬರೆದು, ಮತ್ತೆ ಓದಿ ತಾಳೆ ನೋಡೋ ಸಾಫ್ಟ್‌ವೇರ್ ಇದು. ಬರೆಯೋಕೇ ಮೂರೂವರೆ ಗಂಟೆ, ಸೆಕೆಂಡಿಗೆ 5 ಎಂಬಿ ವೇಗ. ಯುಎಸ್‌ಬಿ 3.0 ಅಂತೆ! ಆಮೇಲೆ ಕೆಂಪು ಅಕ್ಷರದಲ್ಲಿ: 3.7 ಜಿಬಿ ಓಕೆ, 55 ಜಿಬಿ ಡೇಟಾ ಲಾಸ್ಟ್.

ಒಳಗಿರೋದು 4 ಜಿಬಿ ಚಿಪ್. ಚಿಪ್ ನಡೆಸುವ ಕಂಟ್ರೋಲರ್‌ನ ಫರ್ಮ್‌ವೇರ್ (ಒಳಗಿನ ಪ್ರೋಗ್ರಾಮ್) ತಿದ್ದಿ 64 ಅಂತ ಹೇಳಿಸ್ತಾರೆ. 4 ಜಿಬಿ ದಾಟಿದ್ದು ಒಂದೋ ಗಾಳಿಗೆ, ಇಲ್ಲಾಂದ್ರೆ ತಿರುಗಿ ಬಂದು ಮೊದಲು ಬರೆದಿದ್ದರ ಮೇಲೇ ಕೂರುತ್ತೆ. ವಿಂಡೋಸ್ ಐಎಸ್‌ಒ ಒಳಗಿನ ಮುಖ್ಯ ಫೈಲ್ ಇನ್‌ಸ್ಟಾಲ್.ವಿಮ್ 4 ಜಿಬಿ ಮೀರಿದರೆ ಎಫ್‌ಎಟಿ32 ಅನ್ನೋ ಹಳೇ ಫೈಲ್ ಸಿಸ್ಟಮ್‌ಗೆ ಹಿಡಿಸಲ್ಲ, ಅದಕ್ಕೇ ರುಫಸ್ ಎನ್‌ಟಿಎಫ್‌ಎಸ್ ಮಾಡಿ, ಯುಇಎಫ್‌ಐ (ಈಗಿನ ಲ್ಯಾಪ್‌ಟಾಪ್‌ಗಳ ಹೊಸ ಬಗೆಯ ಬಯಾಸ್) ಬೂಟ್ ಮಾಡಿಸುವ ಪುಟ್ಟ ಪಾರ್ಟಿಷನ್ನನ್ನು ಡ್ರೈವಿನ ಕಟ್ಟಕಡೆಗೆ ಇಡುತ್ತೆ. ಇಲ್ಲಿ ಕಟ್ಟಕಡೆ ಅನ್ನೋದೇ ಇಲ್ಲವಲ್ಲ! ಇಲ್ಲದ ಜಾಗದಿಂದ ಬೂಟ್ ಆಗು ಅಂದರೆ ಪಾಪ ಲ್ಯಾಪ್‌ಟಾಪ್ ಏನು ಮಾಡೀತು.

ಕೌಂಟರಿನವನ ಉತ್ತರ ಕೇಳಿ. ಮೊದಲು "ನಿಮ್ಮ ಪೋರ್ಟ್ ವೀಕ್ ಇರ್ಬೇಕು ಸಾರ್". ಆಮೇಲೆ ತನ್ನ ಕಂಪ್ಯೂಟರಿಗೆ ಚುಚ್ಚಿ ಪ್ರಾಪರ್ಟೀಸ್ ತೆಗೆದು, "ನೋಡಿ ಸಾರ್, 59 ಜಿಬಿ ಕಾಣ್ತಿದೆ, ಇನ್ನೇನು ಬೇಕು?" ಕೆಂಪು ಅಕ್ಷರದ ಫೋಟೋ ತೋರಿಸಿದರೆ, "ಅದು ಯಾವ್ದೋ ಸಾಫ್ಟ್‌ವೇರು ಸಾರ್, ಹಾಡು ಹಾಕ್ಕೊಳ್ಳೋಕೆ ಏನೂ ತೊಂದ್ರೆ ಇಲ್ಲ". ಹಾಡು! ಬಿಲ್ ಕೇಳಿರಲಿಲ್ಲ, ಅದು ನನ್ನ ತಪ್ಪು. "ಬಿಲ್ ಇಲ್ದೆ ಏನ್ಮಾಡ್ಲಿ ಸಾರ್" ಅಂತ ಅವನೇ ಬೇಜಾರು ಮಾಡಿಕೊಂಡ.

ಅಂಗಡಿಯಲ್ಲೇ ಹಿಡಿಯೋದು ಹೀಗೆ: ಕನೆಕ್ಟರ್ ಬಾಯೊಳಗೆ ನೋಡಿ. ನಿಜವಾದ ಯುಎಸ್‌ಬಿ 3.0 ಆದರೆ ಮುಂದೆ 4, ಹಿಂದೆ 5, ಒಟ್ಟು 9 ಪಿನ್. ಇದರಲ್ಲಿ ಪ್ಲಾಸ್ಟಿಕ್ ಮಾತ್ರ ನೀಲಿ, ಪಿನ್ ನಾಲ್ಕೇ. ಪ್ರಾಪರ್ಟೀಸ್ ನಂಬಬೇಡಿ, ಅದು ಡ್ರೈವ್ ಹೇಳಿದ್ದನ್ನೇ ಒಪ್ಪಿಸುತ್ತೆ. ಫೈಲ್ ಕಾಪಿ ಮಾಡಿ ತಕ್ಷಣ ತೆರೆದು ನೋಡೋದೂ ದಂಡ, ಅದು ರ್‍ಯಾಮಿನ ಕ್ಯಾಶ್‌ನಿಂದಲೂ ಬಂದಿರಬಹುದು. ಡ್ರೈವ್ ಕಿತ್ತು ಮತ್ತೆ ಹಾಕಿ ನೋಡಿ. ಮನೆಗೆ ತಂದ ದಿನವೇ ಎಚ್‌2ಟೆಸ್ಟ್‌ಡಬ್ಲ್ಯೂ ಓಡಿಸಿ, ಲಿನಕ್ಸ್‌ನವರಿಗೆ ಅಂಥದ್ದೇ ಎಫ್‌3 ಅನ್ನೋ ಸಾಫ್ಟ್‌ವೇರ್ ಇದೆ. ಬೇರೆ ಸಾಫ್ಟ್‌ವೇರ್ ಬೇಡ ಅಂದರೆ ರುಫಸ್‌ನಲ್ಲೇ ಬ್ಯಾಡ್ ಬ್ಲಾಕ್ಸ್ (ಕೆಟ್ಟ ಜಾಗ) ಚೆಕ್‌ಗೆ ಟಿಕ್ ಹಾಕಿ, ಒಂದು ಪಾಸ್ ಸಾಕು. ಬಯಾಸ್ ಮುಟ್ಟಲೇಬೇಕಾದರೆ ಬಿಟ್‌ಲಾಕರ್ ಕೀ ಮೊದಲು ಬರೆದಿಟ್ಟುಕೊಳ್ಳಿ. ಬಿಲ್ ಕೇಳಿ, ಬಿಲ್ ಕೇಳಿ.

ಇಷ್ಟೆಲ್ಲಾ ಜಗಳ ಆಡಿದ ಮೇಲೆ "ಹೋಗ್ಲಿ ಬಿಡಿ ಸಾರ್, ಬೇರೆ ಪೀಸ್ ತಗೊಳ್ಳಿ" ಅಂತ ಅದೇ ಡಬ್ಬಿಯಿಂದ ಇನ್ನೊಂದು ಕೊಟ್ಟ. ತಂದು ಓಡಿಸಿದೆ. 3.7 ಜಿಬಿ ಓಕೆ.