ಮನೆಯ ಹೆಣ್ಮರಿಯೋ, ಸಂತೆಯ ಎರಡು ಹಲ್ಲಿನ ಕುರಿಯೋ?

ಮಾಂಸಕ್ಕೆ ಕುರಿ ಸಾಕುವವರಿಗೆ ಪ್ರತಿ ವರ್ಷ ಇದೇ ತಲೆನೋವು. ಹಲ್ಲು ಬಿದ್ದ ಮುದಿ ಕುರಿ ಮಾರಿದ ಮೇಲೆ ಅದರ ಜಾಗಕ್ಕೆ ಯಾವುದು? ಕುಷ್ಟಗಿ ಕಡೆಯ ನಮ್ಮ ಹಿಂಡಿನಲ್ಲಿ 60 ತಾಯಿ ಕುರಿಗಳಿವೆ, ಜಾಸ್ತಿ ಕೆಂಗುರಿ, ನಮ್ಮ ಕಡೆಯ ಕೆಂಪು ಮೈಯ ಮಾಂಸದ ತಳಿ. ಮೂರು ವರ್ಷದ ಹಿಂದೆ ಒಮ್ಮೆಗೇ 20 ಕುರಿ ಬೇಕಾದವು. ನೋಡೇ ಬಿಡೋಣ ಅಂತ ಹತ್ತು ಹೆಣ್ಮರಿ ಮನೆಯಲ್ಲೇ ಉಳಿಸಿಕೊಂಡೆ, ಎರಡು ಹಲ್ಲಿನ (ಹಾಲುಹಲ್ಲು ಉದುರಿ ಎರಡು ದೊಡ್ಡ ಹಲ್ಲು ಬಂದ, ಸುಮಾರು ಒಂದೂವರೆ ವರ್ಷದ) ಹತ್ತು ಗಬ್ಬದ ಕುರಿ ಸಂತೆಯಿಂದ ತಂದೆ.

ಮೊದಲು ದುಡ್ಡಿನ ಮಾತು. ಮನೆಯ ಮರಿ ಪುಕ್ಕಟೆ ಅನ್ನುವವರೇ ಹೆಚ್ಚು. ಪುಕ್ಕಟೆ ಹೇಗಾಗುತ್ತದೆ? ನಾಲ್ಕು ತಿಂಗಳಿಗೆ ಮಾರಿದ್ದರೆ 6,000 ರೂಪಾಯಿ ಕೈಗೆ ಬರುತ್ತಿತ್ತು. ಆಮೇಲೆ ಬೇಸಿಗೆಯ ಶೇಂಗಾ ಹೊಟ್ಟು, ಮೆಕ್ಕೆಜೋಳದ ನುಚ್ಚು, ಜಂತಿನ ಔಷಧಿ ಎಲ್ಲ ಸೇರಿ ಇನ್ನೊಂದು 2,500. ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ 20 ತಿಂಗಳು. ಸಂತೆ ಕುರಿಗೆ 13,000 ಕೊಟ್ಟೆ, ಗಾಡಿ ಬಾಡಿಗೆ ಬೇರೆ. ಆದರೆ ಅದು ಎರಡು ತಿಂಗಳಿಗೆ ಈಯುತ್ತದೆ. ಕುರಿಯ ಗಬ್ಬ ಐದು ತಿಂಗಳು, ಒಂಬತ್ತು ತಿಂಗಳಿಗೊಮ್ಮೆ ಮರಿ ಅಂತ ಹಿಡಿದರೆ, ನಮ್ಮ ಹೆಣ್ಮರಿ ಒಂದು ಹಾಕುವಷ್ಟರಲ್ಲಿ ಅದರ ಎರಡು ಮರಿ ಮಾರಿರುತ್ತೇವೆ. ಲೆಕ್ಕದಲ್ಲಿ ಸಂತೆ ಕುರಿಯೇ ಗೆದ್ದಿತ್ತು.

ದೊಡ್ಡಿಯಲ್ಲಿ ಆಗಿದ್ದೇ ಬೇರೆ. ತಂದ ಸಂಜೆಯೇ ಹಿಂಡಿನೊಳಗೆ ಬಿಟ್ಟೆ. ಹತ್ತು ದಿನಕ್ಕೆ ಮೂಗು ಸೋರತೊಡಗಿತು, ಬಾಯಲ್ಲಿ ಹುಣ್ಣು, ಭೇದಿ. ನೋಡಿದ ಡಾಕ್ಟರು ಪಿಪಿಆರ್ ಅಂದರು, ಕುರಿ-ಮೇಕೆಗಳಲ್ಲಿ ಒಂದರಿಂದ ಒಂದಕ್ಕೆ ಹರಡುವ ವೈರಸ್ ರೋಗ. ತಂದವುಗಳಲ್ಲಿ ಒಂದು ಸತ್ತಿತು, ಎರಡು ಕಂದು ಹಾಕಿದವು (ಗರ್ಭಪಾತ), ನಮ್ಮವೇ ನಾಲ್ಕು ಮರಿ ಹೋದವು. ತಪ್ಪು ನನ್ನದೇ. ಮೂರು ವಾರ ಬೇರೆ ಬಲೆಯ ದೊಡ್ಡಿಯಲ್ಲಿಟ್ಟು, ಲಸಿಕೆ ಹಾಕಿಸಿ, ಆಮೇಲೆ ಸೇರಿಸಬೇಕಿತ್ತು. ಗಬ್ಬ ಅಂತ ಕೊಟ್ಟಿದ್ದರಲ್ಲಿ ಇನ್ನೆರಡು ಗಬ್ಬವೇ ಇರಲಿಲ್ಲ. ಒಂದರ ಕೆಚ್ಚಲಿನಲ್ಲಿ ಗಂಟು, ಈದ ಮೇಲೆ ಒಂದು ಮೊಲೆಯಲ್ಲಿ ಹಾಲೇ ಇಲ್ಲ. ಕೊಳ್ಳುವಾಗ ಹಲ್ಲು ನೋಡಿದ್ದೆ, ಕೆಚ್ಚಲು ಮುಟ್ಟಿರಲಿಲ್ಲ.

ನಮ್ಮ ಕಾಕಾ ನಕ್ಕರು: 'ತಮ್ಮಾ, ಚೊಲೋ ಕುರಿ ಯಾರರ ಸಂತಿಗೆ ಹೊಡಕೊಂಡ ಬರ್ತಾರೇನೋ?'

ಇನ್ನು ಮನೆಯ ಮರಿಗಳು. ಭತ್ತದ ಕೊಯ್ಲಾದ ಮೇಲೆ ಗಂಗಾವತಿ, ಕಾರಟಗಿ ಕಡೆ ಹಿಂಡು ಹೊಡೆದುಕೊಂಡು ಹೋಗುತ್ತೇವಲ್ಲ, ಅವಕ್ಕೆ ದಾರಿ ಗೊತ್ತು, ನಾಯಿ ಗೊತ್ತು, ಕೂಗು ಗೊತ್ತು. ಹೊಸವು ಲಾರಿ ಹಾರ್ನ್ ಕೇಳಿದರೆ ಚದುರುತ್ತಿದ್ದವು. ಹಾಗಂತ ಮನೆಯವು ಸಲೀಸು ಅಂದುಕೊಳ್ಳಬೇಡಿ. ಹಿಂಡಿನಲ್ಲಿ ಟಗರು ಸದಾ ಇರುತ್ತದೆ, ಎಂಟು ತಿಂಗಳಿಗೇ ಎರಡು ಹೆಣ್ಮರಿ ಗಬ್ಬ ಕಟ್ಟಿದವು. ಒಂದು ಈಯಲಾಗದೆ ಸತ್ತಿತು, ಇನ್ನೊಂದು ಕುಳ್ಳಾಗೇ ಉಳಿಯಿತು. ಈಗ ಹೆಣ್ಮರಿಗೆ ವರ್ಷ ತುಂಬಿ, ತಾಯಿಯ ಮೂರರಲ್ಲಿ ಎರಡು ಪಾಲು ತೂಕ ಬರುವ ತನಕ ಟಗರು ಹಾರಿದರೂ ಗಬ್ಬ ಕಟ್ಟದಂತೆ ಅದರ ಹೊಟ್ಟೆಯಡಿ ಗೋಣಿತಟ್ಟು ಕಟ್ಟುತ್ತೇವೆ. ಅಪ್ಪನೇ ಮಗಳ ಮೇಲೆ ಹಾರಬಾರದು ಅಂತ ಎರಡು ವರ್ಷಕ್ಕೊಮ್ಮೆ ಟಗರನ್ನೂ ಬದಲಿಸುತ್ತೇವೆ. ಇನ್ನೊಂದು ಎಡವಟ್ಟು: ಬಣ್ಣ ಚಂದ ಅಂತ ಹಾಲು ಕಡಿಮೆಯ ತಾಯಿಯ ಎರಡು ಮರಿ ಉಳಿಸಿದ್ದೆ. ಅವಕ್ಕೂ ಹಾಲು ಅಷ್ಟಕ್ಕಷ್ಟೇ.

ಮೂರು ವರ್ಷ ಕಳೆದಿವೆ. ಮನೆಯ ಹತ್ತರಲ್ಲಿ ಎಂಟು ಹಿಂಡಿನಲ್ಲಿವೆ, ಸಂತೆಯ ಹತ್ತರಲ್ಲಿ ನಾಲ್ಕು. ಆ ನಾಲ್ಕು ಮಾತ್ರ ಭಾರಿ ಕುರಿಗಳು, ಅದನ್ನು ಒಪ್ಪಲೇಬೇಕು. ಹಿಂಡು ಹೊಸದಾಗಿ ಕಟ್ಟುವವನಿಗೆ ಕೊಳ್ಳದೆ ದಾರಿಯಿಲ್ಲ, 20 ತಿಂಗಳು ಕಾಯ್ದರೆ ಮನೆ ನಡೆಯೋದು ಹೇಗೆ? ನಾನಂತೂ ವರ್ಷಕ್ಕೆ ಹತ್ತು ಹನ್ನೆರಡು ಹೆಣ್ಮರಿ ಉಳಿಸುತ್ತೇನೆ. ಕಡಿಮೆ ಬಿದ್ದರೆ ಭತ್ತದ ಗದ್ದೆಯಲ್ಲಿ ಪಕ್ಕ ತಂಗುವ ಹಿಂಡಿನವರನ್ನು ಕೇಳುತ್ತೇನೆ. ಅಲ್ಲಾದರೆ ತಾಯಿಯನ್ನೂ ನೋಡಬಹುದು. ಈ ಸಲ ಅಂಥ ಒಂದು ಹಿಂಡಿನಲ್ಲಿ ಅವಳಿ ಮರಿಗೆ ಸಾಕಾಗುವಷ್ಟು ಹಾಲಿರುವ ಕುರಿಯ ಮಗಳು ಕಣ್ಣಿಗೆ ಬಿದ್ದಿದೆ. ಅವರು 15,000 ಅಂತಾರೆ, ನಾನಿನ್ನೂ 13,500ಕ್ಕೇ ನಿಂತಿದ್ದೇನೆ.