ಜಿಎಲ್‌ಒ ರೆಕಾರ್ಡ್ಸ್ ವಿಮರ್ಶೆ: ಅಮೆರಿಕದ ಮೊದಲ ವಲಸಿಗ ಕುಟುಂಬಗಳನ್ನು ಜಮೀನಿನ ಕಡೆಯಿಂದ ಹುಡುಕುವುದು

ಅಮೆರಿಕದ ಪಶ್ಚಿಮಕ್ಕೆ ಹೋಗಿ ನೆಲೆಯೂರಿದ ಕುಟುಂಬಗಳ ಜಾಡು ಹಿಡಿಯುವವರು ಜನಗಣತಿಯಿಂದ ಶುರುಮಾಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುವುದೇ ಹೆಚ್ಚು. 1790ರಿಂದ 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇದೆ. ಮಿಕ್ಕವರೆಲ್ಲ ವಯಸ್ಸಿನ ಕಲಮುಗಳ ಕೆಳಗಿನ ಬರೀ ಅಂಕಿ. ಒಂದೇ ಕೌಂಟಿಯಲ್ಲಿ ಅದೇ ಹೆಸರಿನವರು ಇಬ್ಬರಿದ್ದರೆ ಯಾರು ಯಾರೆಂದು ಹೇಳುವ ದಾರಿಯೇ ಇಲ್ಲ. ಹೆಸರಿನ ಕಾಗುಣಿತ ಬದಲಾಗುತ್ತದೆ, ಕೌಂಟಿಯ ಗಡಿಯೂ ಬದಲಾಗುತ್ತದೆ, ಆದರೆ ಸರ್ಕಾರ ಅಳೆದು ಗುರುತಿಸಿದ ಜಮೀನಿನ ಸೆಕ್ಷನ್ ನಂಬರ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನಡೆಸುವ ಜನರಲ್ ಲ್ಯಾಂಡ್ ಆಫೀಸ್ (ಜಿಎಲ್‌ಒ) ರೆಕಾರ್ಡ್ಸ್ ಜಾಲತಾಣದಿಂದ ಶುರುಮಾಡುವುದೇ ಸರಿ. ಸರ್ಕಾರ ಜಮೀನಿಗೆ ಕೊಟ್ಟ 50 ಲಕ್ಷಕ್ಕೂ ಹೆಚ್ಚು ಹಕ್ಕುಪತ್ರಗಳ (ಪೇಟೆಂಟ್) ದಾಖಲೆ ಅಲ್ಲಿದೆ, ಖರ್ಚು ಒಂದು ಪೈಸೆಯೂ ಇಲ್ಲ.

ಮೊದಲು ಒಂದು ಎಚ್ಚರಿಕೆ. ಇದು ಕೇಂದ್ರ ಸರ್ಕಾರ ಜಮೀನು ಹಂಚಿದ 30 ರಾಜ್ಯಗಳಿಗೆ ಮಾತ್ರ. ಮೂಲ 13 ರಾಜ್ಯಗಳು, ಕೆಂಟಕಿ, ಟೆನೆಸಿ, ಟೆಕ್ಸಾಸ್ ಮುಂತಾದ ಕಡೆ ಜಮೀನು ಕೊಟ್ಟದ್ದು ಆಯಾ ರಾಜ್ಯಗಳೇ. ಅಲ್ಲಿಯ ಕುಟುಂಬವನ್ನು ಇಲ್ಲಿ ಹುಡುಕಿ 'ದಾಖಲೆಯೇ ಇಲ್ಲ' ಎಂದು ತೀರ್ಮಾನಿಸಬೇಡಿ.

ಹೆಸರು ಹಾಕಿ ಹುಡುಕುವುದು ಸುಲಭ. ಮೊದಲ ಸಲ ರಾಜ್ಯ ಮತ್ತು ಮನೆತನದ ಹೆಸರಷ್ಟೇ ಸಾಕು. ವಿಲಿಯಂ, ಜೇಮ್ಸ್‌ನಂಥ ಹೆಸರುಗಳನ್ನು ಗುಮಾಸ್ತರು ಮೊಟಕುಮಾಡಿ ಬರೆಯುತ್ತಿದ್ದುದರಿಂದ ಪೂರ್ತಿ ಹೆಸರು ಕೊಟ್ಟರೆ ಬೇಕಾದ ದಾಖಲೆಯೇ ತಪ್ಪಿಹೋಗಬಹುದು. ಆದರೆ ಈ ತಾಣದ ನಿಜವಾದ ಬಲ ಇರುವುದು ಹೆಸರಿಲ್ಲದ ಹುಡುಕಾಟದಲ್ಲಿ. ಜಮೀನಿನ ಜಾಗ ಹೇಳುವ ಟೌನ್‌ಶಿಪ್, ರೇಂಜ್, ಸೆಕ್ಷನ್, ಮೆರಿಡಿಯನ್ ತುಂಬಿ ಹೆಸರಿನ ಜಾಗ ಖಾಲಿ ಬಿಟ್ಟರೆ ಆ ಸೆಕ್ಷನ್ನಿನಲ್ಲಿ ಹಕ್ಕುಪತ್ರ ಪಡೆದವರೆಲ್ಲ ಸಾಲಾಗಿ ಬರುತ್ತಾರೆ. ಆ ಪಟ್ಟಿಯನ್ನು ಗಣತಿಯ ಪುಟದ ಪಕ್ಕ ಇಟ್ಟು ನೋಡಿ. ಗಣತಿದಾರ ಮನೆಯಿಂದ ಮನೆಗೆ ಹೋದವನು, ಆದ್ದರಿಂದ ಮೂರ್ನಾಲ್ಕು ನೆರೆಯವರ ಹೆಸರು ಎರಡೂ ಕಡೆ ಕೂಡಿಬಂದರೆ ಬೇಕಾದ ಮನೆ ಅದೇ ಎಂಬುದಕ್ಕೆ ಬಲವಾದ ಆಧಾರ ಸಿಕ್ಕಂತೆ.

ಇದಕ್ಕೆ ಜಮೀನಿನ ವಿವರಣೆ ಓದಲು ಬರಬೇಕು. 'ಆಗ್ನೇಯ ಕಾಲಿನ ವಾಯವ್ಯ ಕಾಲು, ಸೆಕ್ಷನ್ 14, ಟೌನ್‌ಶಿಪ್ 5 ಉತ್ತರ, ರೇಂಜ್ 3 ಪಶ್ಚಿಮ' ಎಂದಿದೆ ಎನ್ನೋಣ. ಟೌನ್‌ಶಿಪ್ ಎಂದರೆ 6 ಮೈಲಿ ಚೌಕ, ರೇಂಜ್ ಎಂದರೆ ಅಂಥ ಚೌಕಗಳ ಉತ್ತರ-ದಕ್ಷಿಣ ಸಾಲು, ಸೆಕ್ಷನ್ ಎಂದರೆ ಚೌಕದೊಳಗಿನ ಒಂದು ತುಂಡು. ಈ ಜಾಗ ಅಳತೆಯ ಪೂರ್ವ-ಪಶ್ಚಿಮ ಮೂಲಗೆರೆಯಾದ ಬೇಸ್‌ಲೈನಿನಿಂದ ಉತ್ತರಕ್ಕೆ 24ರಿಂದ 30 ಮೈಲಿ, ಉತ್ತರ-ದಕ್ಷಿಣ ಮೂಲಗೆರೆಯಾದ ಮೆರಿಡಿಯನ್ನಿನಿಂದ ಪಶ್ಚಿಮಕ್ಕೆ 12ರಿಂದ 18 ಮೈಲಿ ಒಳಗಿದೆ. ಒಂದು ಸೆಕ್ಷನ್ 640 ಎಕರೆ, ಅದರ ಕಾಲು 160, ಕಾಲಿನ ಕಾಲು 40. ಸೆಕ್ಷನ್ನುಗಳ ಎಣಿಕೆ ಈಶಾನ್ಯ ಮೂಲೆಯಲ್ಲಿ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗಿ, ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗುವಂತೆ ತಿರುಗಿ 7ರಿಂದ ಪೂರ್ವಕ್ಕೆ ಬರುತ್ತದೆ. ಹಾಗಾಗಿ 14ರ ನೆರೆ ಎಂದರೆ ಉತ್ತರಕ್ಕೆ 11, ದಕ್ಷಿಣಕ್ಕೆ 23, ಪೂರ್ವಕ್ಕೆ 13, ಪಶ್ಚಿಮಕ್ಕೆ 15. ಅಂಚಿನ ಸೆಕ್ಷನ್ನುಗಳಲ್ಲಿ ಎಡವುವುದು ಸುಲಭ: 6ರ ಪಶ್ಚಿಮದ ನೆರೆ ಪಕ್ಕದ ರೇಂಜಿನ 1, ಉತ್ತರದ ನೆರೆ ಮೇಲಿನ ಟೌನ್‌ಶಿಪ್ಪಿನ 31. 'ರಿಲೇಟೆಡ್ ಡಾಕ್ಯುಮೆಂಟ್ಸ್' ಪುಟ ಈ ಗಡಿ ದಾಟಿ ನೆರೆಯವರನ್ನು ತೋರಿಸುವುದಿಲ್ಲ, ಅಕ್ಕಪಕ್ಕದ ಸೆಕ್ಷನ್ನುಗಳನ್ನು ನಾವೇ ಹಾಕಿ ಹುಡುಕಬೇಕು.

ಹಕ್ಕುಪತ್ರದ ಚಿತ್ರ ಕಂಡ ಕೂಡಲೇ ಅಧ್ಯಕ್ಷರ ಸಹಿ ಎಂದು ಹಿಗ್ಗುವವರಿದ್ದಾರೆ. 1833ರ ಕಾನೂನಿನ ನಂತರ ಅವರ ಪರವಾಗಿ ಸಹಿ ಮಾಡುತ್ತಿದ್ದವನು ಒಬ್ಬ ಕಾರ್ಯದರ್ಶಿ. ತೆರೆಯ ಮೇಲೆ ಕಾಣುವುದಂತೂ ಕಚೇರಿಯ ಪ್ರತಿ. ಅದಕ್ಕಿಂತ ದೊಡ್ಡ ಗೊಂದಲ ತಾರೀಖಿನದು. ಅದು ಕುಟುಂಬ ಬಂದಿಳಿದ ದಿನವಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಸರ್ಕಾರಿ ಜಮೀನಿನ ಹಕ್ಕು ಪಡೆಯಲು 5 ವರ್ಷ ವಾಸವಿದ್ದು, ಸಾಗುವಳಿ ಮಾಡಿ, ಆಮೇಲೆ ಸಾಕ್ಷ್ಯ ಕೊಡಬೇಕಿತ್ತು. 1876ರ ಹೋಮ್‌ಸ್ಟೆಡ್ ಪತ್ರವಿದ್ದರೆ 1870ರ ಗಣತಿಯಲ್ಲೇ ಅದೇ ಟೌನ್‌ಶಿಪ್ಪಿನಲ್ಲಿ ನೋಡಿ. ಎಕರೆಗೆ 1.25 ಡಾಲರ್ ಕೊಟ್ಟು ಕೊಂಡ ನಗದು ಖರೀದಿಗೆ ಈ ಲೆಕ್ಕ ಹಿಡಿಯದು. ಸೇವೆಗೆ ಪ್ರತಿಯಾಗಿ ಜಮೀನು ಪಡೆಯಲು ಸೈನಿಕರಿಗೆ ಕೊಡುತ್ತಿದ್ದ ಬೌಂಟಿ ವಾರಂಟಿನ ಪತ್ರದಲ್ಲಂತೂ ಎರಡು ಹೆಸರಿರಬಹುದು: ಸೇವೆ ಸಲ್ಲಿಸಿದವನದು ಮತ್ತು ವಾರಂಟ್ ಕೊಂಡವನದು. ಸೈನಿಕ ಆ ನೆಲವನ್ನು ಕಣ್ಣಿಂದಲೂ ಕಂಡಿರಲಿಕ್ಕಿಲ್ಲ.

ತಾಣದ ದೊಡ್ಡ ಕೊರತೆ ಎಂದರೆ, ಪತ್ರದ ಹಿಂದಿನ ಕಡತ ಇಲ್ಲಿ ಸಿಗುವುದಿಲ್ಲ. ಅದು ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಹೋಮ್‌ಸ್ಟೆಡ್ ಕಡತದಲ್ಲಿ ಮನೆಯ ಅಳತೆ, ಬೆಳೆ, ಬೇಲಿ, ಬಾವಿ, ಸಾಕ್ಷಿಗಳ ಹೇಳಿಕೆ, ಹೊರದೇಶದವರಾದರೆ ಪೌರತ್ವದ ಕಾಗದ ಎಲ್ಲ ಇರುತ್ತವೆ. ಕುಟುಂಬದ ಕಥೆ ಇರುವುದು ಅಲ್ಲೇ, ದುಡ್ಡು ಕೊಟ್ಟು ತರಿಸಲು ಯೋಗ್ಯ. ಅರ್ಜಿ ನಮೂನೆ 84ಕ್ಕೆ ಬೇಕಾದ ಲ್ಯಾಂಡ್ ಆಫೀಸಿನ ಹೆಸರು, ದಾಖಲೆ ಸಂಖ್ಯೆ, ಜಮೀನಿನ ವಿವರಣೆ 'ಪೇಟೆಂಟ್ ಡೀಟೇಲ್ಸ್' ಪುಟದಲ್ಲೇ ಇವೆ. 1908ರ ಜುಲೈಗಿಂತ ಹಿಂದಿನದಾದರೆ ಲ್ಯಾಂಡ್ ಆಫೀಸಿನ ಹೆಸರು ಬಿಡಲೇಬೇಡಿ, ಆ ಕಡತಗಳನ್ನು ಜೋಡಿಸಿರುವುದೇ ಅದರ ಮೇಲೆ. ನಡುವೆಯೇ ಬಿಟ್ಟುಹೋದವರಿಗೆ ಹಕ್ಕುಪತ್ರವೇ ಆಗಿರುವುದಿಲ್ಲ. ಅವರ ಹೆಸರು ಜಮೀನಿನ ಅರ್ಜಿಗಳನ್ನು ಬರೆದಿಡುತ್ತಿದ್ದ ಟ್ರ್ಯಾಕ್ಟ್ ಬುಕ್ಕಿನಲ್ಲಿ ಹುಡುಕಬೇಕು.

ಗಣತಿಯ ಪುಟಗಳಿಗೆ ಫ್ಯಾಮಿಲಿಸರ್ಚ್ ಜಾಲತಾಣ ಸಾಕು; ಖಾತೆ ತೆರೆಯಬೇಕು, ದುಡ್ಡಿಲ್ಲ. 1850ರಿಂದ ಗುಲಾಮರಲ್ಲದವರೆಲ್ಲರ ಹೆಸರೂ ಇದೆ, ಸಂಬಂಧ ಬರೆದಿರುವುದು ಮಾತ್ರ 1880ರಿಂದ. ಅದಕ್ಕೆ ಮುಂಚಿನ ಪುಟದಲ್ಲಿ ಹೆಂಡತಿ ಎಂದು ಕಾಣುವವಳು ತಂಗಿಯೂ ಆಗಿರಬಹುದು. 1850ರಿಂದ 1880ರವರೆಗಿನ ಗಣತಿಯ ಜೊತೆಗಿನ ಕೃಷಿ ಪಟ್ಟಿಗಳನ್ನು ಹೆಚ್ಚಿನವರು ತೆರೆದೇ ನೋಡುವುದಿಲ್ಲ. ಎಕರೆ, ದನ, ಧಾನ್ಯದ ಲೆಕ್ಕ ಅಲ್ಲಿದೆ, ಹಕ್ಕುಪತ್ರದ ಎಕರೆಯೊಂದಿಗೆ ತಾಳೆ ನೋಡಬಹುದು. 1890ರ ಗಣತಿ ಬಹುಪಾಲು ಹೋಯಿತು, 1921ರ ಬೆಂಕಿಯ ದೆಸೆಯಿಂದ. ನೆಬ್ರಾಸ್ಕಾ, ಕೊಲರಾಡೊ, ಡಕೋಟಾ ಕಡೆಯವರಿಗೆ 1885ರ ಗಣತಿ ಆ ಜಾಗ ತುಂಬುತ್ತದೆ. 1900ರದ್ದರಲ್ಲಿ ಮನೆ ಸ್ವಂತದ್ದೋ ಬಾಡಿಗೆಯದೋ, ಸಾಲವಿದೆಯೋ ಎಂಬ ಕಲಮುಗಳ ಜೊತೆ ಕೃಷಿ ಪಟ್ಟಿಯ ಒಂದು ಸಂಖ್ಯೆಯೂ ಇದೆ. ಅದರ ಬೆನ್ನು ಹತ್ತಬೇಡಿ, ಆ ವರ್ಷದ ಕೃಷಿ ಪಟ್ಟಿಗಳನ್ನು ನಾಶಮಾಡಿಬಿಟ್ಟಿದ್ದಾರೆ.